ಕನೆಕ್ಟರ್ ಕೂತಿತು ಅಂತ ಕರೆಂಟ್ ಕೊಡಬೇಡಿ

ಕೆಲವು ಮೊಬೈಲ್ ಟವರ್‌ಗಳ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಗಡಿಯಾರ ಇರುತ್ತದೆ. ಮುಳ್ಳಿಲ್ಲ, ಅಂಕಿ ಇಲ್ಲ. ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 683 ಕೋಟಿ ಸಲ ಮಿಡಿಯುವುದನ್ನು ಹಿಡಿದು 10 ಮೆಗಾಹರ್ಟ್ಸ್ ಸಿಗ್ನಲ್ ಕೊಡುತ್ತದೆ. ಜಿಪಿಎಸ್ ಕೈಕೊಟ್ಟರೂ ಟವರ್‌ನ ಟೈಮಿಂಗ್ ಕೆಡದಂತೆ ಕಾಯುವುದು ಇದೇ. ಟವರ್ ಸಾಮಾನು ಬದಲಾದಾಗ ಇವು ಗುಜರಿಗೆ ಬೀಳುತ್ತವೆ. ಹ್ಯಾಮ್ ರೇಡಿಯೋದವರು, ಎಲೆಕ್ಟ್ರಾನಿಕ್ಸ್ ಓದುವ ಹುಡುಗರು ಕೊಳ್ಳುತ್ತಾರೆ.

ಸರಿ, ಕೊಂಡಾಯಿತು. ವೈರ್ ಎಲ್ಲಿ?

ನಮ್ಮ ತಕರಾರು ಇಲ್ಲಿಂದ ಶುರು. ಎಫ್‌ಇ-5680ಎ ಎಂಬ ಅಮೆರಿಕದ ಮಾಡೆಲ್ ನೋಡಿ. ಅದಕ್ಕಿರುವುದು 9 ಪಿನ್ನಿನ ಕನೆಕ್ಟರ್, ಹಳೇ ಕಂಪ್ಯೂಟರ್‌ನ ಸೀರಿಯಲ್ ಪೋರ್ಟಿನ ಆಕಾರದ್ದೇ. ಅದಕ್ಕೆ ಕೂರುವ ಕೇಬಲ್ ಎಲ್ಲಾ ಕಡೆ ಸಿಗುತ್ತದೆ. ಕೂರುತ್ತದೆ, ಅಷ್ಟೇ! ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 1ನೇ ಪಿನ್ನಿಗೆ 15 ವೋಲ್ಟ್, 4ನೇ ಪಿನ್ನಿಗೆ 5 ವೋಲ್ಟ್ ಕೊಡಬೇಕು, ಸಿಗ್ನಲ್ 7ರಲ್ಲಿ ಬರುತ್ತದೆ. ಅದೇ ಹೆಸರಿನ ಇನ್ನೊಂದು ಬಗೆಗೆ 5 ವೋಲ್ಟ್ ಬೇಕಾಗಿಲ್ಲ. ಮತ್ತೊಂದರಲ್ಲಿ ಸಿಗ್ನಲ್ ಬರುವುದೇ ಬೇರೆ ದುಂಡು ಕನೆಕ್ಟರ್‌ನಿಂದ. ಮಾಡೆಲ್ ಹೆಸರು ನೋಡಿ ಯಾವುದು ಅಂತ ಹೇಳಲಾಗದು. ಎಲ್‌ಪಿಆರ್‌ಒ-101 ಎಂಬುದಂತೂ 10 ಪಿನ್ನಿನದು, 24 ವೋಲ್ಟ್ ಕೇಳುತ್ತದೆ.

ಟವರ್ ಕಂಪನಿ ಕೇಳಿದಂತೆ ಮಾಡಿಕೊಟ್ಟೆವು, ಗುಜರಿಯಲ್ಲಿ ಕೊಂಡವನ ಜವಾಬ್ದಾರಿ ನಮಗೇಕೆ ಅನ್ನಬಹುದು ತಯಾರಕರು. ಬಗೆಬಗೆಯಾಗಿ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಯಾವ ಪಿನ್ನಿಗೆ ಏನು ಎಂದು ಪೆಟ್ಟಿಗೆಯ ಮೇಲೇ ಅಚ್ಚು ಹಾಕಲು ಎಷ್ಟು ಶಾಯಿ ಬೇಕು? ನಮ್ಮ ಬೋರ್‌ವೆಲ್ ಮೋಟರ್ ಸ್ಟಾರ್ಟರ್‌ನ ಮುಚ್ಚಳ ತೆಗೆಯಿರಿ, ಒಳಗೆ ವೈರಿಂಗ್ ಚಿತ್ರ ಅಂಟಿಸಿರುತ್ತಾರೆ. ತೋಟದ ಪಂಪಿಗೆ ಸಿಗುವ ಮರ್ಯಾದೆ ಪರಮಾಣು ಗಡಿಯಾರಕ್ಕೆ ಬೇಡವೇ?

ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್‌ಗೆಲ್ಲ ಟೈಪ್-ಸಿ ಕಡ್ಡಾಯ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ವಸ್ತು, ವಾಹನ, ಈ ನಾಲ್ಕು ವಲಯ. ಟವರ್ ಸಾಮಾನಿಗೆ ಬೇರೆ ವಲಯವೇ ಇಲ್ಲ. ಅದು ಸೇರಬೇಕು, ಪಿನ್ ವಿವರ ಕಡ್ಡಾಯವಾಗಬೇಕು.

ಗುಜರಿಯವರಿಗೂ ಒಂದು ಮಾತು. ತಾಮ್ರದ ಆಸೆಗೆ ಕನೆಕ್ಟರ್‌ನ ಬುಡಕ್ಕೇ ಕತ್ತರಿ ಹಾಕಬೇಡಿ ಅಣ್ಣಾ. ಗೇಣುದ್ದ ವೈರ್ ಬಿಟ್ಟರೂ ಸಾಕು, ಯಾವ ಪಿನ್ನಿಗೆ ಕೆಂಪು, ಯಾವುದಕ್ಕೆ ಕಪ್ಪು ಅಂತಾದರೂ ಕಾಣುತ್ತದೆ.