ಅಡಿಕೆ ಒಲೆಯ ಸೌದೆ ಮತ್ತು ಹೊಗೆ ಕುರಿತು ಮನವಿ ಪತ್ರ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಶಿವಮೊಗ್ಗ.

ಇಂದ,
ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಅಡಿಕೆ ಬೆಳೆಗಾರರು ಹಾಗೂ ಅಡಿಕೆ ಸುಲಿಯುವ ಮಹಿಳೆಯರು.

ವಿಷಯ: ಅಡಿಕೆ ಬೇಯಿಸಲು ಕಡಿಮೆ ಸೌದೆಯ, ಹೊಗೆಯಿಲ್ಲದ ಒಲೆ ಮತ್ತು ಸೋಲಾರ್ ಡ್ರೈಯರ್ ಒದಗಿಸುವ ಬಗ್ಗೆ.

ಮಾನ್ಯರೇ,

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮಲ್ಲಿ ಬಡವರ ಮನೆಗೂ ಸಿಲಿಂಡರ್ ಬಂತು. ಅಡುಗೆಮನೆಯ ಹೊಗೆ ಇಳಿಯಿತು, ಅದಕ್ಕೆ ಋಣಿಗಳಾಗಿದ್ದೇವೆ. ಆದರೆ ಮಲೆನಾಡಿನ ಮನೆಗೆ ಇನ್ನೂ ಎರಡು ಒಲೆಗಳಿವೆ: ಬಚ್ಚಲ ಹಂಡೆಯದು ಒಂದು, ಅಡಿಕೆ ಬೇಯಿಸುವುದು ಇನ್ನೊಂದು. ಗ್ಯಾಸ್ ಸಂಪರ್ಕದ ಲೆಕ್ಕದಲ್ಲಿ ಇವೆರಡೂ ಕಾಣುವುದಿಲ್ಲ. ಕಾಡಿನ ಸೌದೆ ಈಗಲೂ ಹೋಗುತ್ತಿರುವುದು ಅಲ್ಲಿಗೆ.

ಕೆಂಪಡಿಕೆಗೆ ಕಾಯಿ ಹಣ್ಣಾಗುವ ಮೊದಲೇ ಕೊನೆ ಇಳಿಸಬೇಕು, ಸುಲಿದದ್ದನ್ನು ತಡಮಾಡದೆ ಚೊಗರಿನ (ಹಿಂದೆ ಅಡಿಕೆ ಬೇಯಿಸಿ ಉಳಿದ ರಸದ) ನೀರಿನಲ್ಲಿ ಬೇಯಿಸಬೇಕು. ಕೊಯ್ಲಿನ ದಿನಗಳಲ್ಲಿ ಒಲೆ ಆರುವುದೇ ಇಲ್ಲ. ಮೂರು ಕಲ್ಲಿನ ಮೇಲೆ ಅಥವಾ ಹಳೆಯ ಮಣ್ಣಿನ ಗೋಡೆಯ ಮೇಲೆ ಹಂಡೆ ಇಟ್ಟರೆ ಕಾವಿನ ಬಹುಪಾಲು ಬದಿಗಳಿಂದಲೇ ಹೊರಟುಹೋಗುತ್ತದೆ. ಹಸಿ ಸೌದೆಯಾದರೆ ಹೊಗೆ ಇನ್ನೂ ಹೆಚ್ಚು. ಆ ಹೊಗೆಯಲ್ಲಿ ರಾತ್ರಿ ಹನ್ನೆರಡರವರೆಗೆ ಕೂರುವವರು ಹೆಂಗಸರು. ಕಣ್ಣುರಿ, ಕೆಮ್ಮು ಕೊಯ್ಲಿನ ಜೊತೆಗೇ ಬರುವ ಕಾಯಿಲೆ ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೆವು. ಇನ್ನು ಒಪ್ಪುವುದಿಲ್ಲ.

ಕಾರ್ತಿಕದಲ್ಲೂ ಮಳೆ ಹಿಡಿದರೆ ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುವುದಿಲ್ಲ. ಆಗ ಸೌದೆಯ ಡ್ರೈಯರ್ ಹಚ್ಚುತ್ತೇವೆ, ಒಂದೇ ಬೆಳೆಗೆ ಎರಡು ಸಲ ಮರ ಸುಡುತ್ತೇವೆ. ಇತ್ತ ಖೇಣಿ (ಫಸಲು ಗುತ್ತಿಗೆ ಹಿಡಿದವರ) ಮನೆಗಳ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯುತ್ತದೆ, ಇಲ್ಲವೇ ದಿನಗಟ್ಟಲೆ ಹೊಗೆಯಾಡುತ್ತದೆ. ಒಣಗಿಸಿದರೆ ಅದೂ ಉರುವಲೇ.

ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರವೇ ಜಾಲರಿ, ಮುಚ್ಚಿದ ಉರಿಗೂಡು, ಹೊಗೆ ಕೊಳವೆ ಇರುವ ಒಲೆಯನ್ನು ಹಳ್ಳಿಗೆ ತಂದಿತು. ಅದೇ ಕೇಂದ್ರದ ಪ್ರಯತ್ನದಿಂದ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಗ್ಯಾಸಿನಿಂದ ದೀಪ ಹತ್ತಿತು, ಕುಡಿಯುವ ನೀರೂ ಮೇಲೇರಿತು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಈ ಕೊಯ್ಲಿನಲ್ಲೇ ಪ್ರತಿ ಗ್ರಾಮ ಪಂಚಾಯಿತಿ ಅಡಿಕೆ ಒಲೆಗಳನ್ನೂ ಅವುಗಳಿಗೆ ಹೋಗುವ ಸೌದೆಯನ್ನೂ ಲೆಕ್ಕ ಹಾಕಲಿ. ದೊಡ್ಡ ಹಂಡೆಗೆ ಹೊಂದುವ ಸುಧಾರಿತ ಒಲೆ ಕಟ್ಟಲು ಊರಿನ ಗಾರೆ ಕೆಲಸದವರಿಗೇ ತರಬೇತಿ ಕೊಡಿ. ಹೊರಗಿನವರು ಕಟ್ಟಿ ಹೋದ ಒಲೆ ಬಿರುಕು ಬಿಟ್ಟರೆ ಸರಿಪಡಿಸುವವರು ಇರುವುದಿಲ್ಲ. ಸೋಲಾರ್ ಡ್ರೈಯರ್ ಸಹಾಯಧನದಲ್ಲಿ ಒಂದೆರಡು ಎಕರೆಯವರಿಗೆ ಮೊದಲ ಪಾಲು ಇರಲಿ. ನಾಲ್ಕು ಮನೆ ಸೇರಿ ಒಂದನ್ನು ಪಡೆಯಲು ಅವಕಾಶ ಕೊಡಿ. ಬಚ್ಚಲಿಗೆ ಸೋಲಾರ್ ಹೀಟರ್ ಒಂದೇ ಸಾಲದು, ಆಷಾಢದಲ್ಲಿ ನಮಗೆ ಬಿಸಿಲೇ ಇಲ್ಲ. ದನ ಇರುವ ಮನೆಗೆ ಗೋಬರ್ ಗ್ಯಾಸ್ ಕೊಡಿ. ರಸ್ತೆ ಬದಿ ಸಿಪ್ಪೆ ಸುಡುವುದನ್ನು ನಿಲ್ಲಿಸಿ, ಅದನ್ನು ಉರುವಲು ಇಟ್ಟಿಗೆಯಾಗಿಯೋ ಗೊಬ್ಬರವಾಗಿಯೋ ಮಾಡುವ ಘಟಕಕ್ಕೆ ಜಾಗ ಕೊಡಿ. ಇದಾವುದನ್ನೂ ಮಾಡದೆ ಸಣ್ಣ ಬೆಳೆಗಾರನ ಸೌದೆ ಗಾಡಿಯನ್ನಷ್ಟೇ ಹಿಡಿಯಬೇಡಿ.

ಮಣ್ಣಿನ ಒಲೆ ಕಟ್ಟಿದ ಮೇಲೆ ಒಣಗಲು ದಿನ ಬೇಕು. ಅಡಿಕೆ ಕೊಯ್ಲು ಆರಂಭವಾಗುವ ಮೊದಲೇ ತರಬೇತಿ ಮುಗಿಯುವಂತೆ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳು)