ಅಪ್ಪನ ಮೊಬೈಲಿನಲ್ಲಿ ಮಗನ ಸಹಿ

ಊರಿನ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಜುಲೈ ತಿಂಗಳು ಬಂತೆಂದರೆ ಇಲ್ಲಿ ರೆಡ್‌ವುಡ್ ಸಿಟಿಯ ಕನ್ನಡಿಗರ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಒಂದೇ ಬಗೆಯ ಮಾತುಕತೆ. ‘ಅಪ್ಪಾ, ಈಗ ಒಂದು ಮೆಸೇಜ್ ಬಂತಾ? ಆರು ಅಂಕಿ ಇದೆಯಲ್ಲ, ಓದಿ ಹೇಳು.’ ಊರಲ್ಲಿ ಆಗ ಬೆಳಗಿನ ಹತ್ತೂವರೆ. ಅಪ್ಪ ಕನ್ನಡಕ ಹುಡುಕಿ ಓದುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಮತ್ತೊಮ್ಮೆ ಕಳಿಸು, ಮತ್ತೊಮ್ಮೆ ಓದು.

ಕೇಳುವುದಕ್ಕೆ ತಮಾಷೆಯಾಗಿದೆ. ಆದರೆ ಲೆಕ್ಕಪತ್ರದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನನಗೆ ಇದರಲ್ಲಿ ತಮಾಷೆಗಿಂತ ಆತಂಕವೇ ಹೆಚ್ಚು ಕಾಣುತ್ತದೆ. ಭಾರತದಲ್ಲಿ 2015ರಿಂದ ಆಧಾರ್ ಆಧಾರಿತ ಇ-ಸಹಿಗೆ ಕಾನೂನಿನ ಮಾನ್ಯತೆ ಇದೆ. ಆ ಆರು ಅಂಕಿ ನಮೂದಿಸಿದ ಕ್ಷಣ ನಿಮ್ಮ ಮಗನ ಹೆಸರಿನಲ್ಲಿ ಒಂದು ಡಿಜಿಟಲ್ ಕೀಲಿ ಹುಟ್ಟುತ್ತದೆ, ದಾಖಲೆಗೆ ಸಹಿ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಆ ಪ್ರಮಾಣಪತ್ರದ ಆಯುಸ್ಸು ಮುಗಿಯುತ್ತದೆ. ಸಹಿ ಮಾತ್ರ ಉಳಿಯುತ್ತದೆ. ಶಾಯಿಯಲ್ಲಿ ಹಾಕಿದ ಸಹಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. ಅಂದರೆ ಊರಿನ ಮನೆಯ ಟಿವಿ ಪಕ್ಕದಲ್ಲಿ ಚಾರ್ಜಿಗೆ ಹಾಕಿಟ್ಟಿರುವ ಆ ಫೋನು, ಅಮೆರಿಕದಲ್ಲಿರುವ ಮಗನ ಬಲಗೈ.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮತ್ತು ಅಮೆರಿಕದ ಇ-ಸೈನ್ ಕಾಯ್ದೆ ಎರಡೂ 2000ದ ಜೂನ್ ತಿಂಗಳಲ್ಲೇ ಅಂಕಿತ ಪಡೆದವು. ಅಮೆರಿಕದ ಕಾಯ್ದೆಗೆ ಅಧ್ಯಕ್ಷ ಕ್ಲಿಂಟನ್ ಮೊದಲು ಪೆನ್ನಿನಿಂದ, ಆಮೇಲೆ ಸ್ಮಾರ್ಟ್ ಕಾರ್ಡ್ ಬಳಸಿ ಸಹಿ ಹಾಕಿದರು. ಆ ಕಾರ್ಡಿನ ಪಾಸ್‌ವರ್ಡ್ ಅವರ ನಾಯಿಯ ಹೆಸರು, ಬಡ್ಡಿ. (ನಮ್ಮಂಥ ಲೆಕ್ಕಿಗರು ಮರೆಯುವ ಪದವಲ್ಲ!) ಪಾಸ್‌ವರ್ಡ್ ಜಗತ್ತಿಗೆಲ್ಲ ಗೊತ್ತಾಯಿತು. ಅಂದರೆ ಮೊದಲ ದಿನವೇ ಗುಟ್ಟು ರಟ್ಟು.

ಇದಕ್ಕೂ ಮೊದಲೇ, 1995ರಲ್ಲಿ, ಸರ್ಕಾರಿ ಕಚೇರಿಗಳ ವ್ಯವಹಾರದಲ್ಲಿ ಡಿಜಿಟಲ್ ಸಹಿ ಹೇಗಿರಬೇಕು ಎಂದು ಕ್ಯಾಲಿಫೋರ್ನಿಯಾ ಒಂದು ನಿಯಮ ಮಾಡಿತ್ತು. ಅದರ ಒಂದು ಷರತ್ತು ನನಗೆ ಬಹಳ ಮುಖ್ಯವೆನಿಸುತ್ತದೆ: ಸಹಿ ಅದನ್ನು ಬಳಸುವವನೊಬ್ಬನ ಹತೋಟಿಯಲ್ಲೇ ಇರಬೇಕು. ಭಾರತದ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 3ಎ ಕಲಮೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಸಹಿ ಹಾಕುವ ಹೊತ್ತಿನಲ್ಲಿ ಅದರ ಕೀಲಿ ಸಹಿದಾರನ ಕೈಯಲ್ಲಿರಬೇಕು, ಬೇರೆ ಯಾರ ಕೈಯಲ್ಲೂ ಇರಕೂಡದು. ಎರಡು ದೇಶದ ಕಾನೂನೂ ಒಂದೇ ಮಾತು ಹೇಳುತ್ತಿದೆ, ನಾವು ನಡೆಯುತ್ತಿರುವುದು ಇನ್ನೊಂದು ದಾರಿ.

ಡಾಂಗಲ್ ಕಥೆಯಂತೂ ಇನ್ನೂ ಕೆಟ್ಟದ್ದು. 2006ರಲ್ಲಿ ಕಂಪನಿಗಳ ದಾಖಲೆ ಸಲ್ಲಿಕೆ ಆನ್‌ಲೈನ್ ಆದ ಮೇಲೆ ನಿರ್ದೇಶಕರಿಗೆಲ್ಲ ಡಿಜಿಟಲ್ ಸಹಿ ಪ್ರಮಾಣಪತ್ರ ಬೇಕಾಯಿತು. ನೋಡಲು ಪೆನ್‌ಡ್ರೈವ್‌ನಂಥ ಒಂದು ಕಡ್ಡಿ. ಆ ಕಾಲದ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಬಿಸ್ಕತ್ ಡಬ್ಬಿಯ ತುಂಬ ಈ ಕಡ್ಡಿಗಳಿರುತ್ತಿದ್ದವು. ಒಂದೊಂದಕ್ಕೂ ಹೆಸರಿನ ಚೀಟಿ, ಚೀಟಿಯ ಹಿಂದೆಯೇ ಪಿನ್. ಈಗಲೂ ದೊಡ್ಡ ಬದಲಾವಣೆ ಆಗಿಲ್ಲ. ಅಣ್ಣನ ಸಣ್ಣ ಕಂಪನಿಗೆ ಹೆಸರಿಗಷ್ಟೇ ನಿರ್ದೇಶಕನಾದ ತಮ್ಮ ಸ್ಯಾನ್ ಹೊಸೆಯಲ್ಲಿರುತ್ತಾನೆ, ಅವನ ಡಾಂಗಲ್ ದಾವಣಗೆರೆಯ ಯಾವುದೋ ಡ್ರಾಯರಿನಲ್ಲಿರುತ್ತದೆ. ಯಾವ ಸಾಲಕ್ಕೆ, ಯಾವ ನಿರ್ಣಯಕ್ಕೆ ತನ್ನ ಸಹಿ ಬಿತ್ತು ಎಂಬುದು ಅವನಿಗೆ ಗೊತ್ತಾಗುವುದು ನೋಟಿಸು ಬಂದಾಗ. ‘ನಾನು ಹಾಕಿಲ್ಲ’ ಎಂದರೆ ಸಾಲದು. ಕೀಲಿಯನ್ನು ಕಾಪಾಡಿಕೊಳ್ಳುವ ಹೊಣೆ ಪ್ರಮಾಣಪತ್ರ ಪಡೆದವನದೇ ಎಂದು ಅದೇ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಇನ್ನೊಬ್ಬರ ಇ-ಸಹಿಯನ್ನು ವಂಚನೆಯಿಂದ ಬಳಸಿದವನಿಗೆ 66ಸಿ ಅಡಿ ಮೂರು ವರ್ಷದವರೆಗೆ ಜೈಲು ಉಂಟು, ನಿಜ. ಆದರೆ ಅದನ್ನು ಸಾಬೀತು ಮಾಡಲು ಇಲ್ಲಿಂದ ಎಷ್ಟು ಸಲ ವಿಮಾನ ಹತ್ತುತ್ತೀರಿ?

ನಮ್ಮವರು ಮೋಸಗಾರರು ಎನ್ನುತ್ತಿಲ್ಲ. ಅಣ್ಣನೂ ಲೆಕ್ಕಪರಿಶೋಧಕರೂ ಹೆಚ್ಚಿನವರು ಪ್ರಾಮಾಣಿಕರೇ. ಆದರೆ ಕದಿಯುವವನು ಹೊರಗಿನಿಂದಲೂ ಬರಬಹುದು. 2023ರಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದ ಪ್ರಕರಣ ನೆನಪಿರಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿಕೊಂಡ ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ ಜನರ ಬ್ಯಾಂಕ್ ಖಾತೆಯಿಂದ ಹಣ ತೆಗೆದಿದ್ದರು. ಮನೆ ಮಾರುವಾಗ ಒತ್ತಿದ ಹೆಬ್ಬೆಟ್ಟು ಕಳ್ಳನಿಗೆ ಕೀಲಿಯಾಯಿತು.

ಇಷ್ಟಾಗಿಯೂ ತಪ್ಪನ್ನೆಲ್ಲ ಮನೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅಪ್ಪ ಮೊಬೈಲ್ ಹಿಡಿದು ಕೂರಬೇಕಾಗಿ ಬಂದದ್ದು ಏಕೆ? ಆಧಾರ್‌ನ ಒಟಿಪಿ ಭಾರತದ ನಂಬರಿಗೆ ಮಾತ್ರ ಬರುತ್ತದೆ. ಹೊರದೇಶದಲ್ಲಿ ದುಡಿಯುವವನಿಗೆ ‘ನಿನ್ನ ಸಹಿ ನಿನ್ನ ಕೈಯಲ್ಲೇ ಇರಲಿ’ ಎಂದು ಕಾನೂನು ಹೇಳುತ್ತದೆ, ‘ನಿನ್ನ ಕೈಗೆ ಕೊಡುವುದಿಲ್ಲ’ ಎಂದು ವ್ಯವಸ್ಥೆ ಹೇಳುತ್ತದೆ. ಪಾಸ್‌ಪೋರ್ಟ್ ಕೊಡುವ ಕಾನ್ಸುಲೇಟಿನಲ್ಲೇ ಅನಿವಾಸಿಯ ಗುರುತು ಪರಿಶೀಲಿಸಿ ಇಲ್ಲಿನ ನಂಬರಿಗೋ ಫೋನಿನ ಆ್ಯಪಿಗೋ ಇ-ಸಹಿಯ ಸೌಲಭ್ಯ ಜೋಡಿಸಿಕೊಟ್ಟರೆ ಅರ್ಧ ಸಮಸ್ಯೆ ಮುಗಿದೀತು. ಅನಿವಾಸಿ ಕನ್ನಡಿಗರ ಸಭೆಗಳಲ್ಲಿ ಹೂಡಿಕೆ ಮಾಡಿ ಎಂದು ನಮ್ಮನ್ನು ಕರೆಯುವ ಸಚಿವರು ಇದನ್ನೂ ದೆಹಲಿಗೆ ಮುಟ್ಟಿಸಲಿ.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬಹುದಾದದ್ದು ಇದೆ. ಆಧಾರ್‌ಗೆ ಜೋಡಿಸಿದ ಸಿಮ್ಮನ್ನು ಮಕ್ಕಳು ರೋಮಿಂಗ್ ಹಾಕಿಸಿ ತಮ್ಮ ಜೊತೆಯಲ್ಲೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಮೂರು ತಿಂಗಳು ಬಳಸದೆ ಬಿಟ್ಟ ಪ್ರಿಪೇಯ್ಡ್ ಸಿಮ್ ರದ್ದಾಗಿ, ಮುಂದೆ ಆ ನಂಬರು ಇನ್ನೊಬ್ಬರ ಪಾಲಾಗಬಹುದು. ಹಾಗಾದರೆ ನಿಮ್ಮ ಸಹಿ ಅಪರಿಚಿತನ ಜೇಬಿನಲ್ಲಿ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಡಿ. ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ, ಹಬ್ಬಕ್ಕೊಮ್ಮೆಯಾದರೂ ನೋಡಿ. ತೆರಿಗೆ ರಿಟರ್ನ್ ದೃಢೀಕರಿಸಲು ಆಧಾರ್ ಒಟಿಪಿಯೇ ಆಗಬೇಕೆಂದಿಲ್ಲ, ನೆಟ್‌ಬ್ಯಾಂಕಿಂಗ್ ಮೂಲಕವೂ ಆಗುತ್ತದೆ, ಮೂವತ್ತು ದಿನದೊಳಗೆ ಮಾಡಬೇಕು ಅಷ್ಟೆ. ಡಾಂಗಲ್ ಬೇರೆಯವರ ಬಳಿ ಇದ್ದರೆ ವಾಪಸು ತರಿಸಿಕೊಳ್ಳಿ, ಇಲ್ಲವೇ ಪ್ರಮಾಣಪತ್ರ ರದ್ದುಮಾಡಿಸಿ. ಊರಿನವರಿಗೆ ಒಂದೇ ಕೋರಿಕೆ. ಒಟಿಪಿ ಓದುವ ಮುನ್ನ ಮೆಸೇಜನ್ನು ಪೂರ್ತಿ ಓದಿ, ಯಾವ ಕೆಲಸಕ್ಕೆ ಎಂದು ಕೇಳಿ. ಮಗನ ದನಿಯೇ ಆದರೂ ಕೇಳಿ. ಈಗ ದನಿಯನ್ನೂ ನಕಲು ಮಾಡುತ್ತಾರೆ.

ಇನ್ನು ಪವರ್ ಆಫ್ ಅಟಾರ್ನಿ. ಇಲ್ಲಿ ಮನೆ ಕೊಳ್ಳುವ ಕಾಗದಗಳಿಗೂ ಪರದೆ ಮೇಲೆ ಬೆರಳಾಡಿಸಿ ಸಹಿ ಹಾಕಿದವರು, ಊರಿನ ಸೈಟು ಮಾರಲೂ ಹಾಗೇ ಮಾಡಿ ಇಮೇಲ್ ಕಳಿಸುತ್ತಾರೆ. ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಡೆಯುವುದಿಲ್ಲ. ಬ್ಯಾಂಕಿನಂಥ ನಿಯಂತ್ರಿತ ಸಂಸ್ಥೆಗೆ ಬರೆದುಕೊಡುವುದನ್ನು ಬಿಟ್ಟರೆ ಪವರ್ ಆಫ್ ಅಟಾರ್ನಿಗೆ ಭಾರತದಲ್ಲಿ ಇ-ಸಹಿ ಸಲ್ಲದು. ವಿಲ್‌ಗೂ ಅಷ್ಟೆ. ಇದು ಹಳೇ ಕಾಲದ ಗೋಳು ಎಂದು ಗೆಳೆಯರು ಗೊಣಗುತ್ತಾರೆ. ಆಸ್ತಿಯ ವಿಷಯದಲ್ಲಿ ಈ ಗೋಳು ಇನ್ನೂ ಕೆಲವು ಕಾಲ ಇರಲಿ ಎಂಬುದು ನನ್ನ ಅಭಿಪ್ರಾಯ. ನೋಟರಿ ಎದುರೋ ಸ್ಯಾನ್ ಫ್ರಾನ್ಸಿಸ್ಕೋದ ಭಾರತೀಯ ಕಾನ್ಸುಲೇಟಿನಲ್ಲೋ ಶಾಯಿಯಲ್ಲೇ ಸಹಿ ಹಾಕಿ ದೃಢೀಕರಿಸಿದ ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಕಳಿಸಬೇಕು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಊರಿನವರು ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್‌ನ ಲಕೋಟೆಯನ್ನು ಎಸೆಯಬೇಡಿ, ಕಾಗದ ಬಂದ ದಿನಾಂಕಕ್ಕೆ ಅದೇ ಸಾಕ್ಷಿ.