ಮನಸ್ಸಿನ ಪಾಠ ಹೇಳುವವರು ನಮ್ಮ ಮನೆಗಳಿಂದಲೂ ಬರಬೇಕು

ಮನೆಯಲ್ಲೇ ಕೂತು ಮನಶ್ಶಾಸ್ತ್ರದಲ್ಲಿ ಎಂಎ ಮಾಡುವ ದಾರಿ ಈಗ ಮುಚ್ಚಿದೆ. ಮನಶ್ಶಾಸ್ತ್ರವೂ ಸೇರಿ ಆರೋಗ್ಯಕ್ಕೆ ಸಂಬಂಧಿಸಿದ ಕೋರ್ಸುಗಳಿಗೆ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಹೊಸ ಪ್ರವೇಶ ಕೊಡಬಾರದು ಎಂದು ಯುಜಿಸಿ ಹೇಳಿದೆ. 2025ರ ಜುಲೈ-ಆಗಸ್ಟ್ ಅವಧಿಯಿಂದಲೇ ಇದು ಜಾರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಮನೆಗಳಿಗೆ ಇದು ದಿಲ್ಲಿಯ ಸುದ್ದಿ ಅಂತ ಬಿಟ್ಟುಬಿಡುವ ವಿಷಯವಲ್ಲ. ಡಿಗ್ರಿ ಮುಗಿಸಿ, ಮದುವೆಯಾಗಿ, ಮಗುವನ್ನು ನೋಡಿಕೊಳ್ಳುತ್ತಲೇ ಇಗ್ನೋದಂಥ ಕಡೆ ಓದಬಹುದು ಎಂದುಕೊಂಡ ಹೆಣ್ಣುಮಕ್ಕಳಿಗೆ ಉಳಿದಿದ್ದ ಬಾಗಿಲು ಅದೊಂದೇ.

ಹಾಗಂತ ತೀರ್ಮಾನವೇ ತಪ್ಪು ಅನ್ನಲು ಬರುವುದಿಲ್ಲ. ಅಂಚೆಯಲ್ಲಿ ಕಲಿತ ಡಾಕ್ಟರ ಹತ್ತಿರ ನಾವು ಮಗುವನ್ನು ಕರೆದುಕೊಂಡು ಹೋಗ್ತೇವಾ? ನೊಂದವರ ಮಾತು ಕೇಳುವುದನ್ನೂ ಗುರುಗಳ ಎದುರು ಕೂತೇ ಕಲಿಯಬೇಕು. ಆದರೆ ಇದರ ಪರಿಣಾಮ ಎಲ್ಲರಿಗೂ ಒಂದೇ ರೀತಿ ಅಲ್ಲ. ಪೇಟೆಯ ಮಕ್ಕಳು ಕ್ಲಾಸಿಗೆ ನಡೆದು ಹೋಗ್ತಾರೆ, ಮಲೆನಾಡಿನ ಹುಡುಗಿ ಊರು ಬಿಡಬೇಕು. ಬಿಡಲು ಮನೆಯವರು ಒಪ್ಪಬೇಕು.

ಯಾಕೆ ಒಪ್ಪಬೇಕು? 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಅಡಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ. ತೋಟ ಸೋತರೆ ಕೂಲಿ, ಅಂಗಡಿ, ಸಾಲ ಎಲ್ಲದಕ್ಕೂ ಅದರ ಪೆಟ್ಟು. ಗಂಡ ಗಲ್ಫಿನಲ್ಲಿ, ಹೆಂಡತಿ ಒಬ್ಬಳೇ ಇಲ್ಲಿ. ಮಕ್ಕಳಿಗೆ ಪರೀಕ್ಷೆಯ ಭಯ. ನಮ್ಮ ಉಮ್ಮಂದಿರು ‘ಮನಸ್ಸಿಗೆ ಕಷ್ಟ’ ಅಂತ ಹೇಳುವುದು ಕಡಿಮೆ. ‘ಎದೆ ಹಿಡಿದ ಹಾಗೆ ಆಗ್ತದೆ’, ‘ಮೈಯೆಲ್ಲ ಉರಿ’, ‘ನಿದ್ದೆ ಇಲ್ಲ’ ಅಂತಾರೆ. ಮೊದಲು ಬರುವುದು ಮದ್ರಸದ ಉಸ್ತಾದರ ಹತ್ತಿರ, ದುಆ ಮಾಡಿಸಲು, ನೀರು ಮಂತ್ರಿಸಿ ಕೊಂಡುಹೋಗಲು.

ದುಆ ಮಾಡುವವರು ನಾವೇ, ಅದನ್ನು ಬಿಡಿ ಎಂದು ಹೇಳುವುದಿಲ್ಲ. ಆದರೆ ಚಿಕಿತ್ಸೆ ಪಡೆಯುವುದೂ ಪ್ರವಾದಿಯವರ (ಸ) ಸೂಚನೆಯೇ. ಸುಮಾರು 1100 ವರ್ಷಗಳ ಹಿಂದೆ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಭಯ, ಸಿಟ್ಟು, ದುಃಖ, ಬಿಡದೆ ಕಾಡುವ ಯೋಚನೆ ಎಂದು ಬೇರೆ ಬೇರೆಯಾಗಿ ಗುರುತಿಸಿ ಪರಿಹಾರ ಹೇಳಿದರು. ಎಲ್ಲದಕ್ಕೂ ಜಿನ್ನ್, ಕಣ್ಣುದೃಷ್ಟಿ ಎನ್ನುವವರು ಇದನ್ನು ಯೋಚಿಸಬೇಕು.

ಇಲ್ಲಿ ನಾವು ಹೇಳಹೊರಟಿದ್ದು ಚಿಕಿತ್ಸೆಗಿಂತ ಒಂದು ಹೆಜ್ಜೆ ಹಿಂದಿನ ಮಾತು. ಚಿಕಿತ್ಸೆ ಕೊಡುವವರಿಗೆ ಕಲಿಸುವವರು ಯಾರು? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನೂ ನಡೆಸಿದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆದೇ ಮನೆಮನೆಗೆ ತಲುಪಿದರು. ಒಬ್ಬ ಕೌನ್ಸೆಲರ್ ದಿನಕ್ಕೆ ನಾಲ್ಕೈದು ಜನರ ಮಾತು ಕೇಳಬಹುದು. ಒಬ್ಬ ಅಧ್ಯಾಪಕಿ ಪ್ರತಿ ವರ್ಷ ಒಂದು ತರಗತಿಯನ್ನೇ ತಯಾರು ಮಾಡ್ತಾಳೆ. ಏನು ಸಂಶೋಧನೆ ಆಗಬೇಕು, ಯಾರ ಮನೆಯ ಕಷ್ಟ ಪಾಠದೊಳಗೆ ಬರಬೇಕು ಎನ್ನುವುದೂ ಅವಳ ಕೈಯಲ್ಲಿದೆ. ಬ್ಯಾರಿ ಮಾತಾಡುವ ಮನೆಯ ಸಂಕಟ ಅಲ್ಲಿ ಸೇರಬೇಕಾದರೆ ಆ ಮನೆಯಿಂದ ಯಾರಾದರೂ ಅಲ್ಲಿರಬೇಕು, ಅಲ್ವಾ?

ದಾರಿ ಸುಲಭವೇನಲ್ಲ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ (ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ), ನಂತರ ನೆಟ್ ಪರೀಕ್ಷೆ, ಮೇಲೆ ಹೋಗಬೇಕಾದರೆ ಪಿಎಚ್‌ಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬರೀ ಎಂಎ ಸಾಲದು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಖಾಯಂ ಹುದ್ದೆಗಳು ಕಡಿಮೆ. ಸರಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ಬೀದಿಗಿಳಿದಿದ್ದನ್ನು ಎಲ್ಲರೂ ನೋಡಿದ್ದೇವೆ. ಇದನ್ನೆಲ್ಲ ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ಸರಿಯಲ್ಲ.

ಆದ್ದರಿಂದ ಜಮಾಅತ್‌ಗಳು ಕೈಜೋಡಿಸಬೇಕು. ಮನಶ್ಶಾಸ್ತ್ರ ಪಿಯುಸಿಯಲ್ಲೂ ಒಂದು ವಿಷಯ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಈ ಬಗ್ಗೆ ಹೇಳುವವರು ಬೇಕು. ಮೂರು ತಾಲೂಕಿನ ಜಮಾಅತ್‌ಗಳು ಒಟ್ಟಾಗಿ ವರ್ಷಕ್ಕೆ ಒಬ್ಬಳ ಎಂಎ ಖರ್ಚು ಹೊತ್ತರೂ ಸಾಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕಿಸಬೇಕು. ಮದುವೆ ಹಾಲಿನ ದೀಪಾಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಇದು ದೊಡ್ಡ ಪಾಲೇನಲ್ಲ.

ಅವಳು ಓದಿ ಬರುವ ತನಕ ಕಷ್ಟ ಕಾಯುವುದಿಲ್ಲ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಮಸೀದಿ, ಮದ್ರಸದ ನೋಟಿಸ್ ಬೋರ್ಡಿನಲ್ಲಿ ಈ ಶುಕ್ರವಾರವೇ ಹಚ್ಚೋಣ.